ಬಿಲ್ಲು ತೀರಿತು, ಋಣ ತೀರಿತೇ?

ಕತಗಾಲದಂತಹ ಕಾಡಂಚಿನ ಊರಿನಲ್ಲಿ ಬದುಕು ಕಳೆದ ನನ್ನಂಥವನಿಗೆ ಊಟವೆಂದರೆ ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ತುಸು ಉಪ್ಪಿನಕಾಯಿ. ಕಳೆದ ವರ್ಷ ಬೆಂಗಳೂರಿಗೆ ಹೋಗಿದ್ದಾಗ, ಅಲ್ಲಿ ಉದ್ಯೋಗದಲ್ಲಿರುವ ಮಗಳು ಮಧ್ಯಾಹ್ನದ ಊಟಕ್ಕೆಂದು ನನ್ನನ್ನು ಒಂದು ಪುಟ್ಟ ಜಪಾನಿ ಹೋಟೆಲಿಗೆ ಕರೆದೊಯ್ದಳು. ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆ 1997ರಲ್ಲಿ ಬಿಡದಿಯಲ್ಲಿ ನೆಲೆಯೂರಿದ ನಂತರದ ವರ್ಷಗಳಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಜಪಾನಿ ಕುಟುಂಬಗಳು ಹೆಚ್ಚಾದವು. ಅವರ ನಾಲಿಗೆಯ ರುಚಿಯೂ ಅವರ ಹಿಂದೆಯೇ ಬಂದಿತು. ಕಡಿಮೆ ಎತ್ತರದ ಮರದ ಮೇಜುಗಳು, ಮಂದ ಬೆಳಕು, ಮೆಲುದನಿಯ ಮಾತು. ಹೊರಗಿನ ವಾಹನಗಳ ಗದ್ದಲ ಅಲ್ಲಿಗೆ ತಲುಪುತ್ತಿರಲಿಲ್ಲ.

ಪಕ್ಕದ ಮೇಜಿನಲ್ಲಿ ಒಬ್ಬ ಜಪಾನಿ ಗೃಹಸ್ಥರು ಒಂಟಿಯಾಗಿ ಕುಳಿತಿದ್ದರು. ಊಟ ಬಂದೊಡನೆ ಅವರು ಕೈಜೋಡಿಸಿ, ತಲೆಬಾಗಿಸಿ ಏನನ್ನೋ ಉಸುರಿದರು. ಅದು ‘ಇತಾದಾಕಿಮಾಸು’ ಎಂಬ ಮಾತೆಂದೂ, ‘ವಿನಯದಿಂದ ಸ್ವೀಕರಿಸುತ್ತೇನೆ’ ಎಂಬುದು ಅದರ ಭಾವವೆಂದೂ ಮಗಳು ತಿಳಿಸಿದಳು. ಆ ಕ್ರಿಯಾಪದಕ್ಕೆ ಮೂಲದಲ್ಲಿ ‘ತಲೆಯ ಮೇಲಿರಿಸಿಕೊಳ್ಳು’ ಎಂಬ ಅರ್ಥವಿದೆಯಂತೆ. ನಮ್ಮ ಹಿರಿಯರು ಪಡೆದುದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದುದು ನನಗೆ ನೆನಪಾಯಿತು. ಊಟ ಮುಗಿದಾಗ ಅವರು ಹೇಳಿದ್ದು ‘ಗೊಚಿಸೊಸಾಮಾ’. ಆ ಪದದ ಒಡಲಲ್ಲಿ ಓಡಾಟ ಎಂಬ ಅರ್ಥ ಅಡಗಿದೆ. ಅತಿಥಿಗಾಗಿ ಅಲ್ಲಿಗೂ ಇಲ್ಲಿಗೂ ಓಡಿ ಪದಾರ್ಥಗಳನ್ನು ಕೂಡಿಸಿದವರ ಶ್ರಮಕ್ಕೆ ಅದು ವಂದನೆ. ಅಕ್ಕಿಯನ್ನು ಸೂಚಿಸುವ ಅವರ ಲಿಪಿಚಿಹ್ನೆಯನ್ನು ಬಿಡಿಸಿದರೆ 88 ಎಂಬ ಸಂಖ್ಯೆಯ ಅಕ್ಷರಗಳು ಸಿಗುತ್ತವೆ. ಒಂದು ಅಗುಳಿನ ಹಿಂದೆ 88 ಬಗೆಯ ದುಡಿಮೆಯಿದೆ ಎಂದು ಅಲ್ಲಿನ ಹಿರಿಯರು ಮಕ್ಕಳಿಗೆ ಹೇಳಿಕೊಡುತ್ತಾರೆ.

ನಾವು ತಿಂದ ತೆಂಪುರದಲ್ಲಿಯೂ ಬಹುದೂರದ ಓಡಾಟವಿತ್ತು. ಹಿಟ್ಟಿನಲ್ಲಿ ಅದ್ದಿ ಕರಿಯುವ ಈ ಪದ್ಧತಿಯನ್ನು ಪೋರ್ಚುಗೀಸರು 16ನೆಯ ಶತಮಾನದಲ್ಲಿ ಜಪಾನಿಗೆ ಒಯ್ದರು. ಮಾಂಸ ವರ್ಜಿಸಿ ಮೀನು ಸೇವಿಸುತ್ತಿದ್ದ ಉಪವಾಸದ ದಿನಗಳ ಲ್ಯಾಟಿನ್ ಹೆಸರಿನಿಂದಲೇ ಆ ಪದ ಹುಟ್ಟಿತೆಂದು ಹೇಳುವವರಿದ್ದಾರೆ. ನಮ್ಮ ನೆರೆಯ ಗೋವೆಯಿಂದ ಹೊರಟ ಸಂತ ಫ್ರಾನ್ಸಿಸ್ ಜೇವಿಯರ್ 1549ರ ಆಗಸ್ಟ್ 15ರಂದು ಕಾಗೊಶಿಮಾದಲ್ಲಿ ಇಳಿದದ್ದೂ ಅದೇ ಶತಮಾನದಲ್ಲಿ.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೊಂದು ಬಟ್ಟಲು. ಹುದುಗಿಸಿದ ಸೋಯಾ ಅವರೆಯ ‘ಮಿಸೊ’ ಸಾರಿನ ತಳದಲ್ಲಿ ನಾಲ್ಕಾರು ಚಿಪ್ಪುಗಳಿದ್ದವು. ಬಾಯ್ತೆರೆದ ಆ ಚಿಪ್ಪುಗಳನ್ನು ಕಂಡೊಡನೆ ನಮ್ಮ ಅಘನಾಶಿನಿಯ ಬಳಚು ಕಣ್ಮುಂದೆ ಬಂದಿತು. ಅದರೊಡನೆ ಒಂದು ಮುಖವೂ ಬಂದಿತು.

ಬೆಂಗಳೂರಿಗೆ ಹೊರಡುವ ಹಿಂದಿನ ವಾರ ಕುಮಟೆಯ ಮೀನುಪೇಟೆಯಲ್ಲಿ ಒಬ್ಬ ವೃದ್ಧೆ ಬಳಚನ್ನು ಪಾಲು ಹಾಕಿ ಮಾರುತ್ತಿದ್ದಳು. ಹತ್ತು ರೂಪಾಯಿ ಕಡಿಮೆ ಮಾಡೆಂದು ನಾನು ಪಟ್ಟುಹಿಡಿದೆ. ಆಕೆ ಒಪ್ಪಲಿಲ್ಲ. ನಾನು ಎದ್ದುಹೋಗುವವನಂತೆ ನಾಲ್ಕು ಹೆಜ್ಜೆ ಇಟ್ಟೆ. ಆಕೆ ಕೂಗಿ ಕರೆದಳು. ಗೆದ್ದ ಹಿಗ್ಗಿನಲ್ಲಿ ಮೇಲೊಂದು ಹಿಡಿ ಕೊಸರನ್ನೂ ಕೇಳಿ ಪಡೆದೆ. ಅಳಿವೆಯಲ್ಲಿ ನೀರು ಇಳಿಯುವ ಹೊತ್ತನ್ನು ಕಾದು, ಕೆಸರಿನಲ್ಲಿ ಬಾಗಿ, ಕೈಬೆರಳುಗಳಿಂದ ತಡವಿ ತೆಗೆಯುವ ದುಡಿಮೆ ಅದು. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದೇ ನಾನು ಈ ಹೋಟೆಲಿನಲ್ಲಿ ಸಾವಿರ ರೂಪಾಯಿಗೂ ಮಿಕ್ಕಿದ ಬಿಲ್ಲನ್ನು ಒಂದು ಮಾತನ್ನೂ ಆಡದೆ ತೆತ್ತೆ. ಅಚ್ಚಾದ ಬೆಲೆಯ ಮುಂದೆ ನಾನು ಸಭ್ಯ. ಬಡವಳು ಬಾಯಲ್ಲಿ ಹೇಳಿದ ಬೆಲೆಯ ಮುಂದೆ ನಾನು ಜಾಣ.

ಮಗಳೊಡನೆ ಇದನ್ನು ಹೇಳಿಕೊಂಡಾಗ ಆಕೆ ಕೇಳಿದ ಪ್ರಶ್ನೆ ನೇರವಾಗಿತ್ತು: “ಹಣ ಕೊಟ್ಟು ಪದಾರ್ಥ ಪಡೆದ ಮೇಲೆ ಋಣ ಎಲ್ಲಿ ಉಳಿಯಿತು, ಅಪ್ಪಾ? ಇಬ್ಬರೂ ಒಪ್ಪಿದ ವ್ಯಾಪಾರವಲ್ಲವೇ?”

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಬೆಲೆ ಎಂಬುದು ಮನುಷ್ಯರು ಪರಸ್ಪರರ ಶ್ರಮವನ್ನು ಗೌರವಿಸಲು ಕಂಡುಕೊಂಡ ಒಂದು ಮಾರ್ಗ. ಆದರೆ ಒಪ್ಪಿಗೆಯೆಲ್ಲವೂ ಸಮಾನವಲ್ಲ. ನಾನು ಬಳಚು ಕೊಳ್ಳದೆಯೂ ಮನೆಗೆ ಹೋಗಬಲ್ಲೆ. ಆಕೆ ಮಾರದೆ ಹೋಗಲಾರಳು. ಸಂಜೆಗೆ ಕೆಡುವ ಸರಕನ್ನು ಮುಂದಿಟ್ಟುಕೊಂಡು ಕುಳಿತವಳ ಒಪ್ಪಿಗೆಯಲ್ಲಿ ಅವಳ ಅಗತ್ಯವೇ ಮಾತನಾಡುತ್ತದೆ. ಅಲ್ಲದೆ, ನಾವು ಹಣ ತೆರುವುದು ದುಡಿಮೆಯ ಒಂದಂಶಕ್ಕೆ ಮಾತ್ರ. ನದಿಯ ಉಬ್ಬರ ಇಳಿತಕ್ಕೆ, ಉಪ್ಪುನೀರನ್ನು ತಾಳಿಕೊಂಡು ಗಜನಿಯಲ್ಲಿ ಬೆಳೆಯುವ ಕಗ್ಗ ಭತ್ತದ ಸತ್ವಕ್ಕೆ, ನಮಗಾಗಿ ಕಳೆದುಹೋದ ಒಂದು ಜೀವಕ್ಕೆ ಯಾವ ಬಿಲ್ಲಿನಲ್ಲಿಯೂ ಸಾಲು ಇರುವುದಿಲ್ಲ. ಹಣದಿಂದ ತೀರುವ ಋಣವನ್ನು ನ್ಯಾಯವಾದ ಬೆಲೆಯಿಂದಲೇ ತೀರಿಸಬೇಕು. ಹಣದಿಂದ ತೀರದ ಋಣಕ್ಕೆ ಉಳಿಯುವುದು ಕೃತಜ್ಞತೆ ಒಂದೇ.

ಇಲ್ಲಿ ಒಂದು ಅಪಾಯವೂ ಇದೆ. ಕೃತಜ್ಞತೆಗೆ ಖರ್ಚಿಲ್ಲ. ಆದ್ದರಿಂದ ಎಷ್ಟೋ ಸಲ ನ್ಯಾಯವಾದ ಬೆಲೆಯ ಜಾಗದಲ್ಲಿ ಅದನ್ನೇ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಊಟಕ್ಕೆ ಮುನ್ನ ಶಿಲುಬೆಯ ಗುರುತು ಮಾಡಿ ದೇವರಿಗೆ ವಂದಿಸುವ ಕುಟುಂಬ ನನ್ನದು. ಅಂದು ಕೊಸರಿನ ಬಳಚನ್ನೂ ವಂದಿಸಿಯೇ ಉಂಡೆವು! ಬಡ ಕೂಲಿಯಾಳಿನ ಕೂಲಿಯನ್ನು ಸೂರ್ಯ ಮುಳುಗುವ ಮುನ್ನ ಕೊಡಬೇಕೆಂದು ಹಳೆಯ ಒಡಂಬಡಿಕೆ ವಿಧಿಸುತ್ತದೆ. ಆ ಕೂಲಿಯನ್ನು ಕಡಿದು ಮಾಡಿದ ಪ್ರಾರ್ಥನೆ ಯಾರ ಕಿವಿಗೆ ಹಿತವಾದೀತು?

ಊರಿಗೆ ಮರಳಿದ ಮೇಲೆ ಮತ್ತೆ ಪೇಟೆಗೆ ಹೋದೆ. ಆಕೆ ಅದೇ ಜಾಗದಲ್ಲಿದ್ದಳು. ಹೇಳಿದಷ್ಟು ಹಣ ಕೊಟ್ಟು ಚೀಲ ಮುಂದೊಡ್ಡಿದೆ. ನಾನು ಚೌಕಾಶಿಗಿಳಿಯುವೆನೆಂದು ಸಿದ್ಧಳಾಗಿದ್ದ ಆಕೆ ಒಂದು ಕ್ಷಣ ನನ್ನ ಮುಖವನ್ನೇ ನೋಡಿದಳು. ನಂತರ, ಕೇಳದೆಯೇ, ಒಂದು ಹಿಡಿ ಬಳಚನ್ನು ಚೀಲಕ್ಕೆ ಹಾಕಿದಳು. ಹಿಂದಿನ ಕೊಸರನ್ನು ನಾನು ಕಸಿದಿದ್ದೆ, ಇದು ಕೊಟ್ಟದ್ದು. ಅಂದು ರಾತ್ರಿ ಊಟಕ್ಕೆ ಕುಳಿತಾಗ ನನ್ನ ಪ್ರಾರ್ಥನೆ ಎಂದಿಗಿಂತ ತುಸು ನಿಧಾನವಾಗಿ ಸಾಗಿತು.