ಪಾರಣೆಯಿಲ್ಲದ ಉಪವಾಸ

॥ ಶ್ರೀಹರಿವಾಯುಗುರುಭ್ಯೋ ನಮಃ ॥



ಕಳೆದ ಚಾತುರ್ಮಾಸ್ಯದಲ್ಲಿ ನಮ್ಮ ಶಾಖಾಮಠದಲ್ಲಿ ನಡೆದ ಗೀತಾಪಾಠಕ್ಕೆ ಓರ್ವ ಯುವತಿಯು ತಪ್ಪದೆ ಬರುತ್ತಿದ್ದಳು. ಕಚೇರಿಯ ಕೆಲಸ ಮುಗಿಸಿ, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ನಿಂತೇ ಪ್ರಯಾಣ ಮಾಡಿ, ಪಾಠ ಆರಂಭವಾಗುವ ಮೊದಲೇ ಮುಂದಿನ ಸಾಲಿನಲ್ಲಿ ಕುಳಿತಿರುತ್ತಿದ್ದಳು. ಪಾಠ ಮುಗಿದ ಬಳಿಕ ಪ್ರಸಾದ ಹಂಚುವಾಗ ಮಾತ್ರ ತೀರ್ಥವನ್ನು ಸ್ವೀಕರಿಸಿ, ಉಳಿದುದನ್ನು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಟ್ಟುಬಿಡುತ್ತಿದ್ದಳು. ಕೇಳಿದರೆ, ತಾನು ವ್ರತದಲ್ಲಿರುವುದಾಗಿ ಹೇಳುತ್ತಿದ್ದಳು. ಇದನ್ನು ಕಂಡು ನಾವು ಒಂದು ದಿನ ಎಲ್ಲರ ಎದುರಿನಲ್ಲಿ, ಈ ವಯಸ್ಸಿನಲ್ಲಿ ಇಂತಹ ಜಿಹ್ವಾನಿಗ್ರಹವು ದುರ್ಲಭವೆಂದು ಆಕೆಯನ್ನು ಹೊಗಳಿದೆವು.

ಮುಂದೊಂದು ದ್ವಾದಶಿಯ ಬೆಳಗ್ಗೆ ಪ್ರದಕ್ಷಿಣೆ ಮಾಡುತ್ತಿರುವಾಗಲೇ ಆಕೆ ಎಚ್ಚರದಪ್ಪಿ ಬಿದ್ದಳು. ಆಸ್ಪತ್ರೆಗೆ ಕರೆದೊಯ್ದಾಗ ನಾಡಿಯ ಗತಿ ತಪ್ಪಿತ್ತು. ರಕ್ತದಲ್ಲಿ ಪೊಟ್ಯಾಸಿಯಂ ಅಂಶ ಬಹಳ ಕುಸಿದಿದೆಯೆಂದು ವೈದ್ಯರು ತಿಳಿಸಿದರು. ಆಗ ಹೊರಬಿದ್ದ ಸಂಗತಿಯೇ ಬೇರೆ. ಆಕೆಗೆ ಮಾರ್ಗಶೀರ್ಷದಲ್ಲಿ ವಿವಾಹ ನಿಶ್ಚಯವಾಗಿತ್ತು. ವರನ ಕಡೆಯ ಯಾರೋ ಆಕೆಯ ಮೈಕಟ್ಟನ್ನು ಕುರಿತು ಒಂದು ಮಾತನಾಡಿದ್ದರು. ಅಂದಿನಿಂದ ಏಳು ವಾರಗಳ ಕಾಲ ಆಕೆ ದಿನಕ್ಕೆ ಎರಡು ಹಣ್ಣು, ಸ್ವಲ್ಪ ಸೌತೆಕಾಯಿ, ಒಂದು ಲೋಟ ಮಜ್ಜಿಗೆ ಇಷ್ಟರಲ್ಲೇ ಕಾಲ ಕಳೆದಿದ್ದಳು. ಮನೆಯಲ್ಲಿ ಆಕ್ಷೇಪಿಸಬಾರದೆಂದು ಅದಕ್ಕೆ ವ್ರತವೆಂಬ ಹೆಸರನ್ನಿಟ್ಟಿದ್ದಳು.

ಭಗವತ್ಕೃಪೆಯಿಂದ ಆಕೆ ಚೇತರಿಸಿಕೊಂಡಳು. ಆದರೆ ಆಸ್ಪತ್ರೆಯ ಪಡಸಾಲೆಯಲ್ಲಿ ಆಕೆಯ ತಾಯಿ ನಮ್ಮನ್ನು ಕೇಳಿದ ಪ್ರಶ್ನೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. "ರಾಯರೇ, ಮನಸ್ಸಿನಲ್ಲಿ ಏನೇ ಇರಲಿ, ಹುಡುಗಿ ದೇವರ ಹೆಸರು ಹೇಳಿಯೇ ಉಪವಾಸ ಮಾಡಿದಳಲ್ಲ, ದೇವರೇಕೆ ಕಾಪಾಡಲಿಲ್ಲ?" ಅಂದು ನಾವು ಉತ್ತರಿಸಲಿಲ್ಲ. ಪರೀಕ್ಷಿಸದೆ ಹೊಗಳಿದವರು ನಾವು. ಉತ್ತರಿಸುವ ಮುಖ ನಮಗಿರಲಿಲ್ಲ. ಈಗ ಶಾಸ್ತ್ರವನ್ನು ಮುಂದಿಟ್ಟುಕೊಂಡು ಆ ತಾಯಿಗೆ ಸಲ್ಲಿಸುವ ಉತ್ತರವೇ ಈ ಲೇಖನ.

ಶ್ರುತಿಯು ತೋರಿದ ಪರೀಕ್ಷೆ

ಅನ್ನವನ್ನು ಬಿಟ್ಟರೆ ಮನುಷ್ಯನಿಗೆ ಏನಾಗುವುದೆಂಬುದನ್ನು ಛಾಂದೋಗ್ಯೋಪನಿಷತ್ತು ಆರನೆಯ ಅಧ್ಯಾಯದಲ್ಲಿ ಒಂದು ಪ್ರಯೋಗದ ಮೂಲಕವೇ ತೋರಿಸಿದೆ. ಹನ್ನೆರಡು ವರ್ಷ ವೇದಾಧ್ಯಯನ ಮಾಡಿ, ವಿದ್ಯಾಗರ್ವದಿಂದ ಮನೆಗೆ ಮರಳಿದ ಶ್ವೇತಕೇತುವಿಗೆ ತಂದೆ ಉದ್ದಾಲಕನು ಹದಿನೈದು ದಿನ ಊಟ ಮಾಡದಿರುವಂತೆ ಹೇಳುತ್ತಾನೆ. ನೀರನ್ನು ಬೇಕಾದಷ್ಟು ಕುಡಿಯಲು ಅನುಮತಿಯಿದೆ. ಏಕೆಂದರೆ ಪ್ರಾಣವು ಜಲವನ್ನು ಆಶ್ರಯಿಸಿದೆ. ಹದಿನಾರನೆಯ ದಿನ ತಂದೆಯು ವೇದವನ್ನು ಪಠಿಸೆಂದಾಗ ಮಗನಿಗೆ ಏನೊಂದೂ ತೋಚುವುದಿಲ್ಲ. ಪುರುಷನಿಗೆ ಹದಿನಾರು ಕಲೆಗಳು. ಹದಿನೈದು ದಿನಗಳಲ್ಲಿ ಹದಿನೈದು ಕ್ಷೀಣಿಸಿ ಒಂದು ಮಾತ್ರ ಉಳಿದಿದೆ. ದೊಡ್ಡ ಬೆಂಕಿಯು ಆರಿ ಮಿಂಚುಹುಳುವಿನಷ್ಟು ಕೆಂಡ ಉಳಿದರೆ ಅದು ಏನನ್ನು ತಾನೆ ಸುಟ್ಟೀತು? ಉಂಡು ಬಂದ ಮೇಲೆ ಅದೇ ಶ್ವೇತಕೇತುವಿಗೆ ಕೇಳಿದುದೆಲ್ಲವೂ ಸ್ಫುರಿಸಿತು. ಮನಸ್ಸು ಅನ್ನಮಯವೆಂಬ ತತ್ತ್ವವನ್ನು ತಂದೆಯು ಹೀಗೆ ಮಗನ ಶರೀರದಲ್ಲಿಯೇ ಸ್ಥಾಪಿಸಿದನು.

ಸಜ್ಜನರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅನ್ನವಿಲ್ಲದೆ ಮೊದಲು ಬಾಡಿದುದು ಶ್ವೇತಕೇತುವಿನ ಮೈಯಲ್ಲ, ಆತನ ವಿದ್ಯೆ. ಯಾವ ಮನಸ್ಸಿನಿಂದ ಭಗವಂತನನ್ನು ನೆನೆಯಬೇಕೋ ಆ ಮನಸ್ಸೇ ನಂದಿತು. ನಮ್ಮ ಪಾಠಕ್ಕೆ ಬರುತ್ತಿದ್ದ ಆ ಯುವತಿಯೂ ಕೊನೆಯ ವಾರಗಳಲ್ಲಿ ಹಿಂದಿನ ದಿನದ ಶ್ಲೋಕವನ್ನು ಮರೆಯುತ್ತಿದ್ದಳು. ನಾವು ಅದನ್ನು ಕಚೇರಿಯ ಆಯಾಸವೆಂದು ಬಗೆದೆವು. ಉಪನಿಷತ್ತನ್ನು ಪಾಠ ಹೇಳುವ ನಮಗೇ ಉಪನಿಷತ್ತು ಹೇಳಿದ ಲಕ್ಷಣವು ಕಣ್ಣಿಗೆ ಬೀಳಲಿಲ್ಲ.

ಪ್ರತ್ಯಕ್ಷವೂ ಇದನ್ನೇ ಹೇಳುತ್ತದೆ

ಆಗಮವು ತಿಳಿಸಿದುದಕ್ಕೆ ಈ ಕಾಲದ ಪ್ರತ್ಯಕ್ಷವೂ ಸಂವಾದಿಯಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಹಸಿವಿನಿಂದ ಕಂಗೆಟ್ಟ ಯುರೋಪಿನ ಜನರಿಗೆ ಮರಳಿ ಆಹಾರ ಕೊಡುವ ಕ್ರಮವನ್ನು ತಿಳಿಯಲು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 1944-45ರಲ್ಲಿ ಒಂದು ಪ್ರಯೋಗವನ್ನು ನಡೆಸಿದರು. ಆರೋಗ್ಯವಂತರಾದ 36 ತರುಣರು ತಾವಾಗಿಯೇ ಮುಂದೆ ಬಂದರು. 24 ವಾರಗಳ ಕಾಲ ಅವರಿಗೆ ದಿನಕ್ಕೆ ಸುಮಾರು 1,570 ಕ್ಯಾಲರಿಗಳಷ್ಟು ಆಹಾರವನ್ನು ಕೊಟ್ಟು, ವಾರಕ್ಕೆ 22 ಮೈಲಿ ನಡೆಯಿಸಲಾಯಿತು. ತೂಕವು ನಾಲ್ಕನೆಯ ಒಂದು ಭಾಗದಷ್ಟು ಇಳಿಯಿತು. ಅದರೊಡನೆ ನಾಡಿ ನಿಧಾನವಾಯಿತು, ಮೈ ಸದಾ ಚಳಿಯಿಂದ ನಡುಗಿತು, ಕೂದಲು ಉದುರಿತು. ಮನಸ್ಸು ಖಿನ್ನವಾಯಿತು, ಓದಿನಲ್ಲಿ ನಿಲ್ಲದಾಯಿತು. ಹಗಲಿರುಳೂ ಅವರು ಚಿಂತಿಸಿದುದು ಅನ್ನವನ್ನೇ. ಆಹಾರವನ್ನು ಬಿಟ್ಟವನು ಆಹಾರದಿಂದ ಬಿಡುಗಡೆ ಹೊಂದುವನೆಂಬುದು ಭ್ರಮೆ. ಆತನು ಅದಕ್ಕೆ ಇನ್ನಷ್ಟು ದಾಸನಾಗುತ್ತಾನೆ.

1970ರ ದಶಕದ ಕೊನೆಯಲ್ಲಿ ಅದೇ ದೇಶದಲ್ಲಿ ದಿನಕ್ಕೆ ಮುನ್ನೂರು ನಾಲ್ಕುನೂರು ಕ್ಯಾಲರಿಗಳ ದ್ರವರೂಪದ ಪ್ರೋಟೀನನ್ನು ಮಾತ್ರ ಸೇವಿಸಿ ತೂಕ ಇಳಿಸುವ ಪದ್ಧತಿಯು ಪ್ರಚಾರಕ್ಕೆ ಬಂದಿತ್ತು. ಅದನ್ನು ಅನುಸರಿಸಿದವರಲ್ಲಿ ಐವತ್ತಕ್ಕೂ ಹೆಚ್ಚು ಜನರು ಮೃತರಾದರು. ಅನೇಕರಲ್ಲಿ ಹೃದಯದ ಬಡಿತವೇ ಲಯ ತಪ್ಪಿತ್ತು. ನಮ್ಮ ಯುವತಿಯ ಆಹಾರವನ್ನು ಲೆಕ್ಕ ಹಾಕಿದರೆ ಅದೂ ನಾಲ್ಕುನೂರು ಕ್ಯಾಲರಿಗಳನ್ನು ಮೀರುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪ್ರಕಟಿಸಿದ ಪ್ರಮಾಣದಂತೆ, ಕುಳಿತು ಕೆಲಸ ಮಾಡುವ 55 ಕಿಲೋ ತೂಕದ ಸ್ತ್ರೀಗೆ ದಿನಕ್ಕೆ 1,660, 65 ಕಿಲೋ ತೂಕದ ಪುರುಷನಿಗೆ 2,110 ಕ್ಯಾಲರಿಗಳು ಬೇಕು.

ಇದರ ಕಾರಣವನ್ನು ಸಂಕ್ಷೇಪವಾಗಿ ಹೇಳುವುದಾದರೆ, ಆಹಾರವು ತೀರ ಕಡಿಮೆಯಾದಾಗ ಶರೀರವು ಮೊದಲು ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಕೂಡಿಟ್ಟ ಸಕ್ಕರೆಯನ್ನು ಖರ್ಚು ಮಾಡುತ್ತದೆ. ಆ ಸಕ್ಕರೆಯೊಡನೆ ನೀರೂ ಹೊರಹೋಗುವುದರಿಂದ ಮೊದಲ ವಾರದಲ್ಲಿ ತಕ್ಕಡಿಯ ಮುಳ್ಳು ವೇಗವಾಗಿ ಇಳಿದು, ನೋಡುವವನು ಹಿಗ್ಗುತ್ತಾನೆ. ಕರಗಿದುದು ಬಹುಪಾಲು ನೀರೇ ಹೊರತು ಕೊಬ್ಬಲ್ಲ. ಆಮೇಲೆ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ಹೃದಯವೂ ಒಂದು ಮಾಂಸಖಂಡವೇ ಎಂಬುದನ್ನು ಮರೆಯಬಾರದು. ಬರಗಾಲ ಬಂದಿತೆಂದು ತಿಳಿದ ಶರೀರವು ತನ್ನ ವೆಚ್ಚವನ್ನು ತಗ್ಗಿಸುತ್ತದೆ. ಆದ್ದರಿಂದ ಮರಳಿ ಉಣ್ಣತೊಡಗಿದಾಗ ತೂಕವು ಬೇಗನೆ ಹಿಂದಿರುಗುತ್ತದೆ. ಅತಿವೇಗವಾಗಿ ಇಳಿದವರಿಗೆ ಪಿತ್ತಕೋಶದಲ್ಲಿ ಕಲ್ಲುಗಳಾಗುವ ಸಂಭವ ಹೆಚ್ಚು. ಸ್ತ್ರೀಯರಲ್ಲಿ ಋತುಚಕ್ರವು ಏರುಪೇರಾಗುತ್ತದೆ, ಮೂಳೆಗಳು ಸಾರಹೀನವಾಗುತ್ತವೆ. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಕೆಲವು ಮಾತ್ರೆಗಳನ್ನು ಸೇವಿಸುವ ಮಧುಮೇಹಿಗಳು ಊಟ ಬಿಟ್ಟರೆ ಸಕ್ಕರೆಯು ಕುಸಿದು ಪ್ರಾಣಾಪಾಯವೇ ಒದಗಬಹುದು.

ಒಂದು ಪೂರ್ವಪಕ್ಷ

ಇಲ್ಲಿ ಕೆಲವರು ಆಕ್ಷೇಪಿಸಬಹುದು: ಸ್ಥೂಲಶರೀರವೂ ರೋಗಮೂಲವಲ್ಲವೇ? ಮಧುಮೇಹ, ರಕ್ತದೊತ್ತಡ, ಮಂಡಿನೋವುಗಳಿಗೆ ತೂಕ ಇಳಿಸೆಂದು ವೈದ್ಯರೇ ಹೇಳುವರಲ್ಲವೇ? ಸತ್ಯ. ಇಡೀ ದಿನ ಕುರ್ಚಿಯಲ್ಲಿ ಕುಳಿತು, ಸಂಜೆ ಕರಿದ ತಿಂಡಿಯನ್ನು ತಿಂದು, ಮಠದ ಸಂತರ್ಪಣೆಯಲ್ಲಿ ಹಯಗ್ರೀವವನ್ನು ಮೂರನೆಯ ಸಲ ಬಡಿಸಿಕೊಳ್ಳುವವರ ಪರವಾಗಿ ನಾವು ವಾದಿಸುತ್ತಿಲ್ಲ. ಆ ಪಂಕ್ತಿಯಲ್ಲಿ ನಾವೂ ಕುಳಿತವರೇ. ಆದರೆ ಗೀತೆಯ ಆರನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಯೋಗವು ಯಾರಿಗೆ ಸಿದ್ಧಿಸದೆಂದು ಹೇಳುವಾಗ ಅತಿಯಾಗಿ ಉಣ್ಣುವವನನ್ನೂ ಉಣ್ಣದೇ ಇರುವವನನ್ನೂ ಒಟ್ಟಿಗೇ ಹೆಸರಿಸಿದ್ದಾನೆ. ಮಿತವೆಂದರೆ ಅಳತೆ. ಅಳತೆಗೆ ಮೇಲಿನ ಎಲ್ಲೆಯೂ ಉಂಟು, ಕೆಳಗಿನ ಎಲ್ಲೆಯೂ ಉಂಟು.

ನಾವು ರೈಲ್ವೆ ಸೇವೆಗೆ ಸೇರಿದಾಗ ಉಗಿ ಎಂಜಿನ್‌ಗಳು ಇನ್ನೂ ಓಡುತ್ತಿದ್ದವು. ಫೈರ್‌ಮನ್ ಕಲ್ಲಿದ್ದಲನ್ನು ಒಮ್ಮೆಲೇ ರಾಶಿ ಸುರಿದರೆ ಬೆಂಕಿ ಮಂಕಾಗುತ್ತಿತ್ತು. ಉಳಿತಾಯ ಮಾಡುವೆನೆಂದು ಕೈ ಬಿಗಿಹಿಡಿದರೆ ಉಗಿಯ ಒತ್ತಡ ಕುಸಿದು ಗಾಡಿಯು ಏರಿನಲ್ಲಿ ನಿಲ್ಲುತ್ತಿತ್ತು. ಉದರದಲ್ಲಿ ವೈಶ್ವಾನರನಾಗಿ ನೆಲೆಸಿ ಅನ್ನವನ್ನು ಪಚನ ಮಾಡುವವನು ತಾನೇ ಎಂದು ಭಗವಂತನು ಹದಿನೈದನೆಯ ಅಧ್ಯಾಯದಲ್ಲಿ ತಿಳಿಸಿದ್ದಾನೆ. ನಾವು ಊಟಕ್ಕೆ ಮೊದಲು ಪರಿಷೇಚನೆ ಮಾಡಿ ಪ್ರಾಣಾದಿ ಪಂಚರೂಪಗಳಿಗೆ ಆಹುತಿ ಕೊಡುವುದು ಈ ಅನುಸಂಧಾನದಿಂದಲೇ. ಆ ಅಗ್ನಿಗೆ ಹವಿಸ್ಸನ್ನು ತಪ್ಪಿಸುವುದು ತಪಸ್ಸಲ್ಲ, ಯಜ್ಞಲೋಪ. ಶಾಸ್ತ್ರವು ವಿಧಿಸದ ಘೋರತಪಸ್ಸಿನಿಂದ ಶರೀರವನ್ನೂ ಅದರೊಳಗಿರುವ ತನ್ನನ್ನೂ ಪೀಡಿಸುವವರ ನಿಶ್ಚಯವು ಆಸುರವೆಂದು ಹದಿನೇಳನೆಯ ಅಧ್ಯಾಯವು ಖಂಡಿಸುತ್ತದೆ. ನಮ್ಮ ಸಿದ್ಧಾಂತದಲ್ಲಿ ಜೀವನು ಅಸ್ವತಂತ್ರ. ಈ ಸಾಧನಶರೀರವು ಸ್ವಾಮಿಯು ಕೊಟ್ಟ ಎರವಲು. ಅದನ್ನು ಕೆಡಿಸುವ ಅಧಿಕಾರ ನಮಗೆಲ್ಲಿದೆ?

ವ್ರತದ ಲಕ್ಷಣ

ಹಾಗಾದರೆ ಏಕಾದಶಿಯ ನಿರಾಹಾರವು ಹೇಗೆ ಸರಿ? ಈ ವ್ರತದ ಸ್ವರೂಪವನ್ನು ನೋಡಿರಿ. ದಶಮಿಯಂದು ಒಂದು ಹೊತ್ತಿನ ಊಟ, ಏಕಾದಶಿಯಂದು ಉಪವಾಸ, ದ್ವಾದಶಿಯಂದು ಪಾರಣೆ. ಆದಿಯೂ ನಿಯತ, ಅಂತ್ಯವೂ ನಿಯತ. ಎಂಟು ವರ್ಷ ತುಂಬದ ಮಕ್ಕಳಿಗೂ ಎಂಬತ್ತು ದಾಟಿದ ವೃದ್ಧರಿಗೂ ನಿರ್ಬಂಧವಿಲ್ಲ. ಔಷಧದಿಂದಲೂ ಗುರುವಿನ ಅಪ್ಪಣೆಯಿಂದಲೂ ವ್ರತವು ಕೆಡುವುದಿಲ್ಲವೆಂಬ ವಚನವುಂಟು. ಚಾತುರ್ಮಾಸ್ಯದಲ್ಲಿಯೂ ಶಾಕ, ದಧಿ, ಕ್ಷೀರ, ದ್ವಿದಳ ಎಂದು ತಿಂಗಳಿಗೊಂದು ವರ್ಗವನ್ನು ಬಿಡುತ್ತೇವೆಯೇ ಹೊರತು ಅನ್ನವನ್ನಲ್ಲ. ಶಾಕವನ್ನು ಬಿಟ್ಟ ತಿಂಗಳಲ್ಲಿ ಹೆಸರುಬೇಳೆಯಿದೆ, ಬೇಳೆಯನ್ನು ಬಿಟ್ಟ ತಿಂಗಳಲ್ಲಿ ಹಾಲು ಮೊಸರುಗಳಿವೆ.

ಭಾಗವತದ ನವಮಸ್ಕಂಧದ ಅಂಬರೀಷನ ಕಥೆ ಎಲ್ಲರಿಗೂ ತಿಳಿದದ್ದೇ. ದ್ವಾದಶಿಯು ಕಳೆಯುತ್ತಿದೆ, ಸ್ನಾನಕ್ಕೆ ಹೋದ ದೂರ್ವಾಸರು ಬಂದಿಲ್ಲ. ಅತಿಥಿಯನ್ನು ಬಿಟ್ಟು ಉಂಡರೆ ದೋಷ, ಪಾರಣೆಯ ಕಾಲ ಮೀರಿದರೂ ದೋಷ. ರಾಜನು ವಿದ್ವಾಂಸರನ್ನು ಕೇಳಿ ನೀರನ್ನು ಸ್ವೀಕರಿಸಿ ಪಾರಣೆಯನ್ನು ಪೂರೈಸುತ್ತಾನೆ. ಮುನಿಯ ಕೋಪದಿಂದ ಅವನನ್ನು ರಕ್ಷಿಸಿದುದು ಶ್ರೀಹರಿಯ ಚಕ್ರ. ಉಣ್ಣದಿರುವುದು ವ್ರತದ ಒಂದು ಅಂಗವಾದರೆ, ಕಾಲಕ್ಕೆ ಸರಿಯಾಗಿ ಉಪವಾಸವನ್ನು ಮುಗಿಸುವುದು ಇನ್ನೊಂದು ಅಂಗವೆಂಬುದು ಇದರಿಂದ ಸ್ಪಷ್ಟ. ಏಳು ವಾರಗಳ ಆ ಯುವತಿಯ ಉಪವಾಸಕ್ಕೆ ಸಂಕಲ್ಪದಲ್ಲಿ ಹರಿಯಿರಲಿಲ್ಲ, ತಕ್ಕಡಿಯಿತ್ತು. ಕೊನೆಯಲ್ಲಿ ಪಾರಣೆಯೇ ಇರಲಿಲ್ಲ. ಪಾರಣೆಯಿಲ್ಲದ ಉಪವಾಸವು ವ್ರತವಲ್ಲ.

ಕುಮಾರಸಂಭವದ ಐದನೆಯ ಸರ್ಗದಲ್ಲಿ ಉದುರಿದ ಎಲೆಯನ್ನೂ ಬಿಟ್ಟು ಅಪರ್ಣೆಯೆನಿಸಿದ ಪಾರ್ವತಿಯ ಬಳಿಗೆ ಬ್ರಹ್ಮಚಾರಿಯ ವೇಷದಲ್ಲಿ ಬಂದ ರುದ್ರದೇವರು ವಿಚಾರಿಸುತ್ತಾರೆ, ತಪಸ್ಸು ಶಕ್ತಿಗೆ ತಕ್ಕಂತಿದೆಯೇ ಎಂದು. ಧರ್ಮಕ್ಕೆ ಮೊದಲ ಸಾಧನ ಶರೀರವೇ ಎಂಬ ಲೋಕಪ್ರಸಿದ್ಧವಾದ ಮಾತು ಬರುವುದು ಆ ಸಂದರ್ಭದಲ್ಲಿಯೇ. ದೇವತೆಗಳಿಗೇ ಕೇಳಿದ ಈ ಪ್ರಶ್ನೆಯನ್ನು ನಾವು ನಮ್ಮ ಮಕ್ಕಳಿಗೆ ಕೇಳಲಿಲ್ಲ.

ಕರ್ತವ್ಯ

ತೂಕ ಇಳಿಸಬೇಕಾದವರು ಅವಶ್ಯವಾಗಿ ಇಳಿಸಲಿ, ಆದರೆ ಕ್ರಮದಿಂದ. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಅನ್ನದ ಎರಡನೆಯ ಬಡಿಕೆ, ಎಣ್ಣೆ, ಸಿಹಿ, ಕರಿದ ಪದಾರ್ಥಗಳು ಕಡಿಮೆಯಾಗಲಿ. ಬೇಳೆ, ಮಜ್ಜಿಗೆ, ತರಕಾರಿಗಳು ಉಳಿಯಲಿ. ದಿನವೂ ನಡಿಗೆಯಿರಲಿ. ದಿನಕ್ಕೆ ಎಂಟುನೂರು ಕ್ಯಾಲರಿಗಳಿಗಿಂತ ಕಡಿಮೆ ಆಹಾರವು ವೈದ್ಯರ ಪ್ರತ್ಯಕ್ಷ ಮೇಲ್ವಿಚಾರಣೆಯಿಲ್ಲದೆ ಸರ್ವಥಾ ಕೂಡದು. ಗರ್ಭಿಣಿಯರು, ಬೆಳೆಯುವ ಮಕ್ಕಳು, ಮಧುಮೇಹಿಗಳು ತಾವಾಗಿಯೇ ಇಂತಹ ಸಾಹಸಕ್ಕೆ ಇಳಿಯಬಾರದು. ಬಹುಕಾಲ ಹಸಿದವರು ಒಮ್ಮೆಲೇ ಮೃಷ್ಟಾನ್ನವನ್ನು ಉಣ್ಣುವುದೂ ಅಪಾಯವೇ. ಅವರು ವೈದ್ಯರು ಹೇಳಿದಂತೆ ಸ್ವಲ್ಪ ಸ್ವಲ್ಪವಾಗಿ ಆರಂಭಿಸಬೇಕು. ಮನೆಯ ಹಿರಿಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೇ: ಮಗಳೋ ಸೊಸೆಯೋ ತಟ್ಟೆಯನ್ನು ದೂರ ಸರಿಸಿದಾಗ ವೈರಾಗ್ಯವೆಂದು ಹಿಗ್ಗುವ ಮೊದಲು ಕಾರಣವನ್ನು ವಿಚಾರಿಸಿರಿ. ಹೆಣ್ಣಿನ ಮೈಕಟ್ಟನ್ನು ಕುರಿತು ಮಾತನಾಡುವ ನಾಲಗೆಗೂ ಒಂದು ವ್ರತವಿರಲಿ.

ಇನ್ನು ಆ ತಾಯಿಯ ಪ್ರಶ್ನೆ. ಅಮ್ಮಾ, ದೇವರು ಕಾಪಾಡಲಿಲ್ಲವೆನ್ನಬೇಡಿರಿ. ವೈಶ್ವಾನರನಾಗಿ ಒಳಗಿದ್ದ ಆತನು ಹಸಿವೆಯ ರೂಪದಲ್ಲಿ ಏಳು ವಾರ ಪ್ರತಿದಿನವೂ ಕರೆದನು. ಆಕೆ ಕೇಳಲಿಲ್ಲ, ನಾವು ಕೇಳಿಸಲಿಲ್ಲ. ಕೊನೆಗೆ ಮಠದ ಪ್ರಾಂಗಣದಲ್ಲಿಯೇ, ಹತ್ತು ಜನರು ಕೈಹಿಡಿದೆತ್ತುವ ಸ್ಥಳದಲ್ಲಿಯೇ ಬೀಳಿಸಿ ಉಳಿಸಿದನು.

ವಿವಾಹವು ನಿಶ್ಚಯಿಸಿದ ಮುಹೂರ್ತದಲ್ಲಿಯೇ ನಡೆಯಿತು. ಭೂಮದ ಊಟದಲ್ಲಿ ತಾಯಿಯು ತಾನೇ ಬಡಿಸಿದಳು, ಮಗಳು ಉಂಡಳು. ದೂರದ ಪಂಕ್ತಿಯಲ್ಲಿ ಕುಳಿತಿದ್ದ ನಾವು ಅದನ್ನು ನೋಡಿದ ಬಳಿಕವೇ ಆಪೋಶನ ತೆಗೆದುಕೊಂಡೆವು.

॥ ಶ್ರೀಕೃಷ್ಣಾರ್ಪಣಮಸ್ತು ॥