ಇಂದಿನ ಧಮ್ಮಚಿಂತನೆ: ಸೂರ್ಯಕಾಂತಿಯೂ ಹರಿವೆಯೂ

 

ಇವತ್ತು ಒಂದು ತಪ್ಪೊಪ್ಪಿಗೆ. ಕಳೆದ ವಾರ ಇದೇ ಗುಂಪಿಗೆ ನಾನೊಂದು ಸಂದೇಶ ದಾಟಿಸಿದ್ದೆ. ಜಪಾನಿನ ಫುಕುಶಿಮಾದಲ್ಲಿ ಬೌದ್ಧ ಭಿಕ್ಷುವೊಬ್ಬರು ಸೂರ್ಯಕಾಂತಿ ಬೆಳೆಸಿ, ಅಣುದುರಂತದ ವಿಷವನ್ನೆಲ್ಲ ಮಣ್ಣಿನಿಂದ ತೆಗೆದುಬಿಟ್ಟರು ಎಂದು ಅದರಲ್ಲಿತ್ತು. ಹಳದಿ ಹೂಗಳ ಚಿತ್ರವೂ ಇತ್ತು. ಎಷ್ಟೋ ಜನ ‘ಸಾಧು ಸಾಧು’ ಎಂದಿರಿ. ನಾನು ಉಬ್ಬಿಹೋಗಿ ತರಗತಿಯಲ್ಲೂ ಅದನ್ನೇ ಹೇಳಿದೆ. ನಮ್ಮ ಎಲ್ಲೂರಿನಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಉಂಟಲ್ಲ, ಮನೆಯ ಬೇಲಿ ಬದಿಗೆ ನೀವೂ ಸೂರ್ಯಕಾಂತಿ ನೆಡಿ, ಮಣ್ಣು ಶುದ್ಧವಾಗುತ್ತದೆ ಎಂದುಬಿಟ್ಟೆ.

ಮರುದಿನ ಸಂಜೆ ಒಬ್ಬಳು ಹುಡುಗಿಯ ಅಜ್ಜಿ ದಾರಿಯಲ್ಲಿ ಸಿಕ್ಕಿ ಕೇಳಿದರು: “ಟೀಚರ್, ಸೂರ್ಯಕಾಂತಿ ವಿಷ ಎಳೀತದೆ ಅಂತಾದ್ರೆ, ಪಕ್ಕದಲ್ಲೇ ಇರುವ ನಮ್ಮ ಹರಿವೆ ಸುಮ್ಮನೆ ಕೂತ್ಕೊಳ್ತದಾ? ಅದನ್ನು ನಾವು ಪದಾರ್ಥ ಮಾಡಿ ತಿನ್ನುದಲ್ವಾ?”

ನನ್ನ ಹತ್ತಿರ ಉತ್ತರವಿರಲಿಲ್ಲ. ಮನೆಗೆ ಬಂದು ಓದಲು ಕೂತೆ.

ಭಿಕ್ಷುವಿನ ಕಥೆ ಸುಳ್ಳಲ್ಲ. 2011ರ ಮಾರ್ಚ್ 11ರ ಭೂಕಂಪ, ಸುನಾಮಿಯ ನಂತರ ಫುಕುಶಿಮಾದ ಸ್ಥಾವರದಿಂದ ವಿಕಿರಣ ಹೊರಬಿತ್ತು. ಫುಕುಶಿಮಾ ನಗರದ ಜೊಯೆನ್‌ಜಿ ಎಂಬ ಜೆನ್ ಮಂದಿರದ ಕೊಯು ಅಬೆ ಎಂಬವರು ಊರವರಿಗೆ ಸೂರ್ಯಕಾಂತಿ ಬೀಜ ಹಂಚಿದರು. ಜೊತೆಗೆ ಸಾಸಿವೆ, ಕೋಳಿಜುಟ್ಟು, ಮತ್ತೆ ಅಜ್ಜಿಗೆ ಹೇಗೆ ಹೊಳೆಯಿತೋ ಗೊತ್ತಿಲ್ಲ, ನಮ್ಮ ಹರಿವೆಯ ಕುಲದ್ದೇ ಗಿಡ! ಇವೆಲ್ಲ ವಿಕಿರಣ ಹೀರುತ್ತವೆ ಎಂಬ ನಂಬಿಕೆ ಬರಿಗಾಳಿಯದೂ ಅಲ್ಲ. ಚೆರ್ನೋಬಿಲ್ ದುರಂತ ನಡೆದದ್ದು 1986ರಲ್ಲಿ. 90ರ ದಶಕದಲ್ಲಿ ಅಲ್ಲಿನ ಕೆರೆಯೊಂದರಲ್ಲಿ ತೆಪ್ಪದ ಮೇಲೆ ಸೂರ್ಯಕಾಂತಿ ಬೆಳೆಸಿ, ಬೇರು ನೀರಿಗಿಳಿಯುವಂತೆ ಮಾಡಿದ್ದರು. ಸೀಸಿಯಂ ಎಂಬ ವಿಕಿರಣ ಧಾತು ಪೊಟ್ಯಾಷಿಯಂನ ದಾಯಾದಿ. ಗಿಡ ಇದನ್ನು ಅದೆಂದು ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ನೀರಿನಲ್ಲಿ ಈ ಉಪಾಯ ನಡೆಯಿತು.

ಮಣ್ಣಿನಲ್ಲಿ ನಡೆಯಲಿಲ್ಲ. ಜೇಡಿಮಣ್ಣಿನ ಪದರಗಳ ನಡುವೆ ಸಿಕ್ಕಿಕೊಂಡ ಸೀಸಿಯಂ ಸುಲಭಕ್ಕೆ ಬೇರಿಗೆ ಸಿಗುವುದಿಲ್ಲ. 2011ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಕೃಷಿ ಸಚಿವಾಲಯ ತನ್ನ ಪ್ರಯೋಗದ ಫಲ ಹೇಳಿತು: ಸೂರ್ಯಕಾಂತಿ ಹೀರಿದ್ದು ಮಣ್ಣಿನಲ್ಲಿದ್ದ ಸೀಸಿಯಂನ ಸುಮಾರು 2000ದಲ್ಲಿ ಒಂದು ಪಾಲು. ಕೊನೆಗೆ ಕೆಲಸಕ್ಕೆ ಬಂದದ್ದು ಗುದ್ದಲಿ. ಮೇಲಿನ ನಾಲ್ಕೈದು ಸೆಂಟಿಮೀಟರ್ ಮಣ್ಣನ್ನೇ ಕೆರೆದು ಚೀಲಕ್ಕೆ ತುಂಬಿದರು. ಅದನ್ನು 2045ರ ಮಾರ್ಚ್ ಒಳಗೆ ಫುಕುಶಿಮಾದ ಹೊರಗೆ ಸಾಗಿಸಬೇಕೆಂದು ಕಾನೂನೇ ಇದೆ.

ಗಿಡ ಹೀರಿದರೂ ವಿಷ ಸಾಯುವುದಿಲ್ಲ ಎನ್ನುವುದನ್ನು ನಾನು ಯೋಚಿಸಿಯೇ ಇರಲಿಲ್ಲ. ಮಣ್ಣಿನಲ್ಲಿದ್ದದ್ದು ಎಲೆಗೆ ಬರುತ್ತದೆ, ಅಷ್ಟೆ. ಆ ಗಿಡವನ್ನು ಕಿತ್ತು ಮತ್ತೆಲ್ಲೋ ಕಾಯಬೇಕು. ಆರ್ಸೆನಿಕ್ ಕೂಡಿಡುವ ಒಂದು ಜರಿಗಿಡವಿದೆ, ಅದರ ಕಥೆಯೂ ಇದೇ. ‘ಪಾಪ ಕಳೆಯಿತು’ ಎಂದು ನಾವು ಎಷ್ಟು ಹಗುರವಾಗಿ ಹೇಳುತ್ತೇವೆ! ಇಲ್ಲಿ ಕಳೆಯಬಲ್ಲದ್ದು ಕಾಲ ಮಾತ್ರ. ಸೀಸಿಯಂ-137 ಅರ್ಧವಾಗಲು 30 ವರ್ಷ ಬೇಕು.

ಭಗವಾನರು ರಾಹುಲನಿಗೆ ಭೂಮಿಯ ಹಾಗೆ ಇರುವುದನ್ನು ಅಭ್ಯಾಸ ಮಾಡು ಎಂದು ಬೋಧಿಸಿದ ಸುತ್ತ ನಮ್ಮ ವಲಯದಲ್ಲಿ ಓದಿದ್ದೇವೆ. ಶುಚಿಯಾದದ್ದನ್ನು ಎಸೆಯಲಿ, ಮಲಮೂತ್ರ ಎಸೆಯಲಿ, ಭೂಮಿ ಹೇಸುವುದಿಲ್ಲ. ಭೂಮಿ ಎಲ್ಲವನ್ನೂ ಜೀರ್ಣಿಸಿಕೊಳ್ಳುತ್ತದೆ ಎಂದೇ ಅದನ್ನು ನಾನು ಅರ್ಥ ಮಾಡಿ ಹೇಳುತ್ತಿದ್ದೆ. ಅಲ್ಲಿ ಹಾಗಿಲ್ಲ. ಹೇಸುವುದಿಲ್ಲ ಎಂದಷ್ಟೇ ಇದೆ. ಹೇಸದೆ ಇಟ್ಟುಕೊಳ್ಳುತ್ತದೆ. ಎಸೆಯುವವರಿಗೆ ಅದು ಅಪ್ಪಣೆ ಚೀಟಿಯೂ ಅಲ್ಲ.

ಇದು ಹೊಳೆದ ಮೇಲೆ ಅಬೆಯವರ ಇನ್ನೊಂದು ಕೆಲಸ ಕಣ್ಣಿಗೆ ಬಿತ್ತು. ತಮ್ಮ ಅಂಗಳದಿಂದ ಕೆರೆದ ಮಣ್ಣನ್ನು ಎಲ್ಲಿಡುವುದೆಂದು ತಿಳಿಯದ ಜನರಿಂದ ಆ ಮಣ್ಣನ್ನು ತೆಗೆದುಕೊಂಡು ಮಂದಿರದ ಹಿಂದಿನ ಗುಡ್ಡದಲ್ಲಿ ಇಡಿಸಿದರು. ಯಾರಿಗೂ ಬೇಡವಾದದ್ದು. ನಾನು ಕಳಿಸಿದ ಸಂದೇಶದಲ್ಲಿ ಹೂಗಳಿದ್ದವು, ಈ ಗುಡ್ಡ ಇರಲಿಲ್ಲ.

ನಮ್ಮೂರಿನದು ಅಣುಸ್ಥಾವರವಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಆದರೂ ಪರಿಸರ ಹಾನಿಗಾಗಿ ಸುಮಾರು 52 ಕೋಟಿ ರೂಪಾಯಿ ಪರಿಹಾರ ಕಟ್ಟಲು ಹಸಿರು ನ್ಯಾಯಮಂಡಳಿ 2022ರಲ್ಲಿ ಆದೇಶಿಸಿದ್ದು ನಿಮಗೆ ನೆನಪಿರಬಹುದು. ಕಲ್ಲಿದ್ದಲಿನ ಬೂದಿಯಲ್ಲಿ ಆರ್ಸೆನಿಕ್, ಸೀಸ, ಪಾದರಸ ಸ್ವಲ್ಪಸ್ವಲ್ಪ ಇರುತ್ತವೆ. ಅಜ್ಜಿಯ ಅಂಗಳದಲ್ಲಿ ಅವು ಇವೆಯೋ ಇಲ್ಲವೋ ಪರೀಕ್ಷೆ ಮಾಡದೆ ಹೇಳಲಾಗದು. ಇದೆ ಎಂದು ಹೆದರಿಸುವುದೂ ಸಮ್ಯಕ್ ವಾಕ್ ಅಲ್ಲ, ಹೂ ನೆಟ್ಟರೆ ಹೋಯಿತು ಎನ್ನುವುದೂ ಅಲ್ಲ. ನಿನ್ನೆ ಅವರ ಮನೆಗೆ ಹೋಗಿ ಇಷ್ಟನ್ನೇ ಹೇಳಿದೆ. ತರಗತಿಯಲ್ಲೂ ಹೇಳಿದೆ. ಹೂ ನೆಡುವುದು ಬೇಡವಾ ಎಂದು ಮಕ್ಕಳು ಕೇಳಿದರು. ನೆಡಿ, ಚಂದಕ್ಕೆ ಎಂದೆ.

ಭಾನುವಾರದ ಕೂಟಕ್ಕೆ ಬರುವಾಗ ನಾಲ್ಕಾರು ಮನೆಯವರು ಅಂಗಳದ ಮಣ್ಣು, ಬಾವಿಯ ನೀರು ತಂದರೆ ಒಟ್ಟಿಗೆ ಪರೀಕ್ಷೆಗೆ ಕೊಡೋಣ, ಖರ್ಚು ಹಂಚಿಕೊಳ್ಳೋಣ. ಅಜ್ಜಿ ಆಗಲೇ ಹರಿವೆ ಸಾಲಿನ ಮಣ್ಣನ್ನು ಹಳೇ ಹಾರ್ಲಿಕ್ಸ್ ಬಾಟಲಿಗೆ ತುಂಬಿಸಿ, ಮುಚ್ಚಳ ಬಿಗಿ ಮಾಡಿ ಇಟ್ಟಿದ್ದಾರೆ.