ಮೆಚ್ಚಿದ ಕಥೆಯ ಮೇಲೆ ಹಕ್ಕು ಯಾರದು?

ಕಥೆ ಕೇಳುವ ಹಂಬಲ ಮನುಷ್ಯನಿಗೆ ಸಹಜವಾದುದು. ಆದರೆ ಕೇಳಿದ ಕಥೆ ತನ್ನದೇ ಎಂಬ ಭಾವ ಯಾವಾಗ ಮೂಡುತ್ತದೆ, ಆ ಭಾವ ಎಲ್ಲಿಯವರೆಗೆ ನಿರ್ಮಲವಾಗಿರುತ್ತದೆ, ಎಲ್ಲಿಂದಾಚೆಗೆ ಅದು ಇತರರನ್ನು ನೋಯಿಸುವ ಮಮಕಾರವಾಗಿ ಮಾರ್ಪಡುತ್ತದೆ ಎಂಬುದು ಸುಲಭವಾಗಿ ಉತ್ತರಿಸಬಹುದಾದ ಪ್ರಶ್ನೆಯಲ್ಲ. ಈಚಿನ ವರ್ಷಗಳಲ್ಲಿ ಅಮೆರಿಕ, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ಈ ಪ್ರಶ್ನೆ ಅನಿರೀಕ್ಷಿತವಾದ ಒಂದು ಕ್ಷೇತ್ರದಲ್ಲಿ ತೀವ್ರವಾಗಿ ತಲೆಯೆತ್ತಿದೆ. ಅದ್ಭುತ ಕಲ್ಪನೆಯ ಕಾದಂಬರಿಗಳು ದೂರದರ್ಶನದ ಧಾರಾವಾಹಿಗಳಾದಾಗ ಅವುಗಳ ಅಭಿಮಾನಿಗಳ ನಡುವೆ ನಡೆಯುವ ವಾದವಿವಾದವೇ ಆ ಕ್ಷೇತ್ರ. ರೆಕ್ಕೆಯುಳ್ಳ ಘಟಸರ್ಪಗಳು, ಮಾಂತ್ರಿಕರು, ಎಲ್ಲಿಯೂ ಇಲ್ಲದ ರಾಜ್ಯಗಳು ಎಂದೊಡನೆ ಇದು ಮಕ್ಕಳ ಆಟವೆಂದು ಹಿರಿಯರಿಗೆ ತೋರಬಹುದು. ಆದರೆ ಕಥೆ ಕಲ್ಪಿತವಾದರೂ ಅದರ ಹೆಸರಿನಲ್ಲಿ ಆಡಿದ ಮಾತು ಕಲ್ಪಿತವಲ್ಲ. ಅದು ತಾಗುವುದು ಜೀವವುಳ್ಳ ಮನುಷ್ಯರಿಗೆ.

ಮೊದಲು ಈ ಅಭಿಮಾನದ ಮೂಲವನ್ನು ಅರಿಯಬೇಕು. ಇಂತಹ ಕಾದಂಬರಿಗಳು ಒಂದೆರಡು ಸಂಜೆಗಳಲ್ಲಿ ಓದಿ ಮುಗಿಸುವಂತಹವಲ್ಲ. ರಾಬರ್ಟ್ ಜೋರ್ಡನ್ ಎಂಬ ಅಮೆರಿಕದ ಲೇಖಕನ ‘ದಿ ವೀಲ್ ಆಫ್ ಟೈಮ್’ ಮಾಲೆಯ ಮೊದಲ ಸಂಪುಟ 1990ರಲ್ಲಿ ಹೊರಬಂದಿತು. ಹದಿನಾಲ್ಕನೆಯದಾದ ಕೊನೆಯ ಸಂಪುಟ ಬಂದದ್ದು 2013ರಲ್ಲಿ. ಶಾಲೆಯ ದಿನಗಳಲ್ಲಿ ಮೊದಲ ಸಂಪುಟವನ್ನು ಕೈಗೆತ್ತಿಕೊಂಡ ಹುಡುಗ ಕೊನೆಯದನ್ನು ಮುಗಿಸುವ ಹೊತ್ತಿಗೆ ತಾನೇ ಮಕ್ಕಳ ತಂದೆಯಾಗಿರುತ್ತಾನೆ. ಇಷ್ಟು ಕಾಲ ಜೊತೆಗಿದ್ದ ಪಾತ್ರಗಳಿಗೆ ಅವನ ಮನಸ್ಸು ಒಂದು ಮುಖ, ಒಂದು ಧ್ವನಿ, ಒಂದು ನಡೆಯನ್ನು ಕೊಟ್ಟಿರುತ್ತದೆ. ಪುಸ್ತಕದಲ್ಲಿ ಅಕ್ಷರಗಳು ಮಾತ್ರ ಇವೆ. ಉಳಿದುದನ್ನೆಲ್ಲ ತುಂಬಿಕೊಟ್ಟವನು ಓದುಗ. ಆ ಅರ್ಥದಲ್ಲಿ ಅವನೂ ಕಥೆಯ ನಿರ್ಮಾಣದಲ್ಲಿ ಪಾಲುದಾರನೇ. ಕಿರುತೆರೆಯಾದರೋ ಸಾವಿರಾರು ಓದುಗರ ಸಾವಿರಾರು ಮುಖಗಳನ್ನು ಅಳಿಸಿ ಒಂದೇ ಮುಖವನ್ನು ಎಲ್ಲರ ಮುಂದಿಡುತ್ತದೆ. ಆಗ ಉಂಟಾಗುವ ಕಸಿವಿಸಿ ನಿಜವಾದುದು; ಅದನ್ನು ಹಾಸ್ಯ ಮಾಡುವುದು ಸಲ್ಲದು.

ಈ ಅಭಿಮಾನವು ಉದಾತ್ತವಾಗಿಯೂ ನಡೆದುಕೊಳ್ಳಬಲ್ಲದು ಎಂಬುದಕ್ಕೆ ಒಂದು ನಿದರ್ಶನವಿದೆ. ಜಾರ್ಜ್ ಆರ್. ಆರ್. ಮಾರ್ಟಿನ್ 1996ರಲ್ಲಿ ಪ್ರಾರಂಭಿಸಿದ ಕಾದಂಬರಿ ಮಾಲೆಯ ಮೂರನೆಯ ಸಂಪುಟ 2000ದಲ್ಲಿ ಪ್ರಕಟವಾಯಿತು. ಮದುವೆಯ ಔತಣಕ್ಕೆ ಕರೆಸಿದ ಅತಿಥಿಗಳನ್ನೇ ವಂಚನೆಯಿಂದ ಕೊಲ್ಲುವ ದಾರುಣ ಪ್ರಸಂಗವೊಂದು ಅದರಲ್ಲಿದೆ. ಆ ಮಾಲೆಯನ್ನು ಆಧರಿಸಿ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿ 2011ರ ಏಪ್ರಿಲ್‌ನಲ್ಲಿ ಮೊದಲಾಯಿತು. ಈ ಪ್ರಸಂಗ ತೆರೆಯ ಮೇಲೆ ಬಂದದ್ದು 2013ರ ಜೂನ್‌ನಲ್ಲಿ. ಓದಿದವರಿಗೆ ಮುಂದೆ ಆಗುವುದೆಲ್ಲ ಹದಿಮೂರು ವರ್ಷಗಳಿಂದ ತಿಳಿದಿತ್ತು. ಆದರೂ ಅವರಲ್ಲಿ ಬಹುಮಂದಿ, ಓದದ ಗೆಳೆಯರ ಪಕ್ಕದಲ್ಲೇ ಕುಳಿತು ಧಾರಾವಾಹಿ ನೋಡುತ್ತಿದ್ದಾಗಲೂ ಬಾಯಿ ಬಿಡಲಿಲ್ಲ. ತನಗೆ ದೊರೆತ ಅನುಭವ ಇನ್ನೊಬ್ಬನಿಗೂ ಅಷ್ಟೇ ತಾಜಾ ಆಗಿ ದೊರೆಯಲಿ ಎಂಬ ಈ ಸಂಯಮ ಚಿಕ್ಕ ಗುಣವಲ್ಲ. ಅವರಲ್ಲೇ ಕೆಲವರು ನೋಡುಗರ ಆಘಾತವನ್ನು ಗುಟ್ಟಾಗಿ ಚಿತ್ರೀಕರಿಸಿ, ಹಂಚಿ, ನಕ್ಕದ್ದೂ ಉಂಟು. ಒಂದೇ ಮೌನದ ಹಿಂದೆ ಔದಾರ್ಯವೂ ಇರಬಹುದು, ತಾನು ಬಲ್ಲೆನೆಂಬ ಗರ್ವವೂ ಇರಬಹುದು. ಹೊರಗಿನ ಕ್ರಿಯೆ ಒಂದೇ ಆದರೂ ಒಳಗಿನ ಭಾವದಿಂದ ಅದರ ಬೆಲೆ ಬೇರೆಯಾಗುತ್ತದೆ.

ಅದೇ ಧಾರಾವಾಹಿಯ ಕೊನೆಯಲ್ಲಿ ಅಭಿಮಾನದ ಇನ್ನೊಂದು ಮುಖ ಕಾಣಿಸಿತು. ಮಾಲೆಯ ಐದನೆಯ ಸಂಪುಟ 2011ರಲ್ಲಿ ಬಂದ ಮೇಲೆ ಆರನೆಯದು ಬರಲಿಲ್ಲ. ಧಾರಾವಾಹಿ ಪುಸ್ತಕಗಳನ್ನು ದಾಟಿ ಮುಂದೆ ಸಾಗಿತು. ಮೊದಲ ಆರು ಋತುಗಳಲ್ಲಿ ಹತ್ತು ಹತ್ತು ಕಂತುಗಳಿದ್ದರೆ ಏಳನೆಯದರಲ್ಲಿ ಏಳು, ಎಂಟನೆಯದರಲ್ಲಿ ಆರು ಮಾತ್ರ. 2019ರ ಮೇ ತಿಂಗಳಲ್ಲಿ ಕಥೆ ಮುಗಿದಾಗ, ಪಾತ್ರಗಳ ಪರಿವರ್ತನೆ ಆತುರದ್ದಾಯಿತೆಂದು ಅನೇಕರು ನೊಂದುಕೊಂಡರು. ಕೊನೆಯ ಋತುವನ್ನು ಬೇರೆ ಬರಹಗಾರರಿಂದ ಮತ್ತೆ ಮಾಡಿಸಬೇಕೆಂಬ ಬೇಡಿಕೆಪತ್ರಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿದ ಜನ ಹೆಸರು ಕೊಟ್ಟರು. ಇತ್ತ ಲೇಖಕನ ಮೇಲೂ ಒತ್ತಡ ಬೆಳೆಯಿತು. ಆತನ ವಯಸ್ಸನ್ನೂ ಆರೋಗ್ಯವನ್ನೂ ಎತ್ತಿಕೊಂಡು, ಪುಸ್ತಕ ಮುಗಿಸುವ ಮೊದಲೇ ಸತ್ತರೆ ಗತಿಯೇನೆಂದು ಬಹಿರಂಗವಾಗಿಯೇ ಮಾತನಾಡುವವರು ಹುಟ್ಟಿಕೊಂಡರು. ಒಬ್ಬ ಮನುಷ್ಯನ ಸಾವನ್ನು ತನ್ನ ಓದಿಗೆ ಒದಗಬಹುದಾದ ಅಡಚಣೆಯೆಂದು ಮಾತ್ರ ಕಾಣುವ ಮಟ್ಟಕ್ಕೆ ಪ್ರೀತಿ ಇಳಿಯಿತಾದರೆ, ಅದನ್ನು ಇನ್ನೂ ಪ್ರೀತಿಯೆಂದು ಕರೆಯಬಹುದೇ?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಲೇಖಕ ಮೊದಲ ಸಂಪುಟವನ್ನು ಮಾರುವಾಗ ಕಥೆಯನ್ನು ಮುಗಿಸುವ ಮಾತನ್ನೂ ಸೂಚ್ಯವಾಗಿ ಕೊಟ್ಟಂತಲ್ಲವೇ? ಹಣವನ್ನೂ ಕಾಲವನ್ನೂ ತೆತ್ತ ಓದುಗನಿಗೆ ಅವನು ಋಣಿಯಲ್ಲವೇ? ಈ ವಾದವನ್ನು ತಳ್ಳಿಹಾಕುವಂತಿಲ್ಲ. ರಾಬರ್ಟ್ ಜೋರ್ಡನ್‌ನ ಬಾಳಿನಲ್ಲಿ ಇದಕ್ಕೊಂದು ಬೆಳಕು ದೊರೆಯುತ್ತದೆ. ರಕ್ತಕ್ಕೆ ಸಂಬಂಧಿಸಿದ ಅಪರೂಪದ ವ್ಯಾಧಿ ತನಗಿದೆಯೆಂದು ಆತ 2006ರಲ್ಲಿ ಓದುಗರಿಗೆ ತಿಳಿಸಿದ. 2007ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ಕಥೆ ಹೇಗೆ ಮುಗಿಯಬೇಕೆಂಬುದನ್ನು ಕಡೆಯ ದಿನಗಳಲ್ಲಿ ಟಿಪ್ಪಣಿಗಳ ಮೂಲಕವೂ ಬಾಯಿಮಾತಿನಿಂದಲೂ ದಾಖಲು ಮಾಡಿಸಿದ್ದ. ಆತನ ಪುಸ್ತಕಗಳ ಸಂಪಾದಕಿಯೂ ಆಗಿದ್ದ ಪತ್ನಿ ಹ್ಯಾರಿಯೆಟ್ ಮೆಕ್‌ಡೂಗಲ್, ಬ್ರಾಂಡನ್ ಸ್ಯಾಂಡರ್ಸನ್ ಎಂಬ ತರುಣ ಲೇಖಕನನ್ನು ಆರಿಸಿ ಆ ಕೆಲಸವನ್ನು ಒಪ್ಪಿಸಿದಳು. ಉಳಿದ ಭಾಗ 2009, 2010 ಮತ್ತು 2013ರಲ್ಲಿ ಮೂರು ಸಂಪುಟಗಳಾಗಿ ಬಂದಿತು. ಸಾಯುತ್ತಿರುವವನು ಓದುಗರ ಋಣವನ್ನು ಮನ್ನಿಸಿದ. ಆದರೆ ಯಾವ ಓದುಗನೂ ಹಾಸಿಗೆಯ ಬಳಿ ನಿಂತು ಅದನ್ನು ವಸೂಲು ಮಾಡುವ ಅಧಿಕಾರವನ್ನು ಪಡೆದಿರಲಿಲ್ಲ. ಕೊಡಬೇಕಾದವನು ತಾನಾಗಿ ಒಪ್ಪಿಕೊಂಡಾಗ ಶೋಭಿಸುವ ಋಣ, ಪಡೆಯುವವನು ಬಲಾತ್ಕಾರದಿಂದ ಕೇಳಿದಾಗ ಕಳೆಗೆಡುತ್ತದೆ. ಲೋಕದಲ್ಲಿ ಇಂತಹ ಋಣಗಳು ಬೇರೆಯೂ ಇವೆ. ಕೃತಜ್ಞತೆ ಅಂತಹುದು, ಕ್ಷಮೆ ಅಂತಹುದು.

ಇನ್ನು ಮೂಲಕ್ಕೆ ನಿಷ್ಠೆಯ ಪ್ರಶ್ನೆ. ಜೋರ್ಡನ್‌ನ ಕಥೆ 2021ರ ನವೆಂಬರ್‌ನಲ್ಲಿ ಧಾರಾವಾಹಿಯಾಗಿ ಬಂದಿತು. ಅದರಲ್ಲಿ ಪೆರಿನ್ ಎಂಬ ಕಮ್ಮಾರ ಯುವಕನೊಬ್ಬನಿದ್ದಾನೆ. ಕಾದಂಬರಿಯಲ್ಲಿ ಅವನು ಸ್ವಭಾವತಃ ನಿಧಾನಿ; ತನ್ನ ದೈತ್ಯಬಲದಿಂದ ಯಾರಿಗೂ ನೋವಾಗದಿರಲೆಂದು ಹುಡುಗನಾಗಿದ್ದಾಗಿನಿಂದಲೂ ಎಚ್ಚರದಿಂದ ನಡೆಯುವವನು. ಕೈಯಲ್ಲಿ ಕೊಡಲಿ ಹಿಡಿಯಬೇಕೋ ಸುತ್ತಿಗೆ ಹಿಡಿಯಬೇಕೋ ಎಂಬುದು ಅವನನ್ನು ಸಂಪುಟದಿಂದ ಸಂಪುಟಕ್ಕೆ ಕಾಡುವ ತೊಳಲಾಟ. ಧಾರಾವಾಹಿಯವರು ಮೂಲದಲ್ಲಿಲ್ಲದ ಪತ್ನಿಯೊಬ್ಬಳನ್ನು ಅವನಿಗೆ ಕೊಟ್ಟು, ಮೊದಲ ಕಂತಿನಲ್ಲೇ ಕಾಳಗದ ಗೊಂದಲದಲ್ಲಿ ಅವಳು ಅವನ ಕೈಯಿಂದಲೇ ಅರಿಯದೆ ಹತಳಾಗುವಂತೆ ಮಾಡಿದರು. ಒಳಗಿನ ತೊಳಲಾಟವನ್ನು ತೆರೆಯ ಮೇಲೆ ಕಾಣಿಸಲು ಹೊರಗಿನ ಘಟನೆಯೊಂದು ಬೇಕಾಯಿತೆಂಬುದು ಅವರ ಸಮಾಧಾನ. ಓದುಗರು ಒಪ್ಪಲಿಲ್ಲ. ಅವರ ಆಕ್ಷೇಪದಲ್ಲಿ ತಿರುಳಿದೆ. ಹಿಂಸೆಗೆ ಅಂಜುವ ಮನಸ್ಸು ಪಶ್ಚಾತ್ತಾಪದಿಂದಲೇ ಹುಟ್ಟಬೇಕೆ? ತಪ್ಪನ್ನೇ ಮಾಡದವನು ಕೇವಲ ವಿವೇಕದಿಂದ ಕೈ ತಡೆಯಲಾರನೇ? ಗಾಯದಿಂದ ಬಂದ ಅಹಿಂಸೆ ಒಂದು ಬಗೆ, ತಿಳಿವಿನಿಂದ ಬಂದ ಅಹಿಂಸೆ ಇನ್ನೊಂದು ಬಗೆ. ಎರಡನೆಯದನ್ನು ತೆಗೆದು ಮೊದಲನೆಯದನ್ನು ಇರಿಸಿದಾಗ ಕಥೆಯ ನೀತಿಯೇ ಬದಲಾಗುತ್ತದೆ. ಹೀಗೆ ಚರ್ಚಿಸುವ ಅಭಿಮಾನಿ ಕಾಲಹರಣ ಮಾಡುತ್ತಿಲ್ಲ, ಧರ್ಮಜಿಜ್ಞಾಸೆಯನ್ನೇ ಮಾಡುತ್ತಿದ್ದಾನೆ.

ಹಾಗೆಂದು ಬದಲಾವಣೆಯೆಲ್ಲ ಅಪಚಾರವೆನ್ನಲಾಗದು. ಕನ್ನಡದ ಓದುಗರಿಗಂತೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹತ್ತನೆಯ ಶತಮಾನದಲ್ಲಿ ಪಂಪನು ಭಾರತದ ಕಥೆಯನ್ನು ಹೇಳುವಾಗ ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿಸಿದನು. ಅಭಿನವ ಪಂಪನೆನಿಸಿದ ನಾಗಚಂದ್ರನು ವಿಮಲಸೂರಿಯ ಪರಂಪರೆಯನ್ನು ಅನುಸರಿಸಿದ ರಾಮಕಥೆಯಲ್ಲಿ ರಾವಣನು ವಿದ್ಯಾಧರ ವಂಶದವನು. ಅವನನ್ನು ಕೊಲ್ಲುವವನು ಲಕ್ಷ್ಮಣ, ರಾಮನಲ್ಲ. ಈ ಮಾರ್ಪಾಟುಗಳ ಹಿಂದೆ ಒಂದು ದರ್ಶನವಿದೆ. ಮೋಕ್ಷಗಾಮಿಯಾದ ನಾಯಕನ ಕೈಗೆ ಕೊಲೆ ಅಂಟಬಾರದೆಂಬ ಕಾಣ್ಕೆಯಿದೆ. ಆದುದರಿಂದ ಕೇಳಬೇಕಾದುದು ಕಥೆ ಬದಲಾಯಿತೇ ಎಂಬುದಕ್ಕಿಂತ ಹೆಚ್ಚಾಗಿ, ಯಾವ ಕಾಣ್ಕೆಗಾಗಿ ಬದಲಾಯಿತು ಎಂಬುದನ್ನು. ಆತುರಕ್ಕಾಗಿ, ಬೆರಗು ಹುಟ್ಟಿಸುವ ಆಸೆಗಾಗಿ ಮಾಡಿದ ಬದಲಾವಣೆಯೂ ಹೆಚ್ಚಿನ ಅರ್ಥಕ್ಕಾಗಿ ಮಾಡಿದ ಬದಲಾವಣೆಯೂ ಒಂದೇ ತಕ್ಕಡಿಯಲ್ಲಿ ತೂಗುವಂತಹವಲ್ಲ.

ಈ ವಿವೇಚನೆ ಎಷ್ಟು ಅಗತ್ಯವೆಂಬುದನ್ನು ಎರಡು ಪ್ರಸಂಗಗಳು ತಿಳಿಸುತ್ತವೆ. ಅರ್ಸುಲಾ ಲೆ ಗ್ವಿನ್ 1968ರಲ್ಲಿ ಪ್ರಕಟಿಸಿದ ‘ಅರ್ತ್‌ಸೀ’ ಕಥೆಯ ನಾಯಕ ಕೆಂಗಂದು ಮೈಬಣ್ಣದವನು. ಆ ದ್ವೀಪಲೋಕದ ಬಹುಪಾಲು ಜನ ಬಿಳಿಯರಲ್ಲ. ವೀರರೆಲ್ಲ ಬಿಳಿಯರೇ ಏಕಾಗಿರಬೇಕೆಂದು ಪ್ರಶ್ನಿಸಿ ಆಕೆ ಬುದ್ಧಿಪೂರ್ವಕವಾಗಿ ಮಾಡಿದ ಆಯ್ಕೆ ಅದು. 2004ರ ಡಿಸೆಂಬರ್‌ನಲ್ಲಿ ಅದನ್ನು ಕಿರುತೆರೆಗೆ ತಂದವರು ನಾಯಕನನ್ನು ಬಿಳಿಯನನ್ನಾಗಿ ಮಾಡಿದರು. ಲೆ ಗ್ವಿನ್ ಲೇಖನ ಬರೆದು ಪ್ರತಿಭಟಿಸಿದಳು. ಎರಡನೆಯದು ರಿಕ್ ರಯರ್ಡನ್‌ನ ‘ಪರ್ಸಿ ಜಾಕ್ಸನ್’ ಕಥೆ. ಅದರ ಧಾರಾವಾಹಿಯಲ್ಲಿ, ಪುಸ್ತಕದಲ್ಲಿ ಹೊಂಬಣ್ಣದ ಕೂದಲಿನವಳೆಂದು ವರ್ಣಿತಳಾದ ಬಾಲಕಿಯ ಪಾತ್ರಕ್ಕೆ 2022ರಲ್ಲಿ ಕಪ್ಪು ವರ್ಣದ ಬಾಲನಟಿಯೊಬ್ಬಳನ್ನು ಆರಿಸಲಾಯಿತು. ಆಗ ಅವಳ ವಯಸ್ಸು ಹನ್ನೆರಡು. ಮೂಲನಿಷ್ಠೆಯ ಹೆಸರಿನಲ್ಲಿ ಆ ಮಗುವಿನ ಮೇಲೆ ನಿಂದನೆಯ ಸುರಿಮಳೆಯಾಯಿತು. ಪಾತ್ರದ ಸತ್ವವಿರುವುದು ಜಾಣ್ಮೆಯಲ್ಲಿ, ಧೈರ್ಯದಲ್ಲಿ. ಆ ಸತ್ವಕ್ಕೆ ತಕ್ಕವಳೆಂದೇ ಅವಳನ್ನು ಆರಿಸಿದ್ದು. ಆಕ್ಷೇಪವಿದ್ದರೆ ಅದನ್ನು ಅವಳ ಬಳಿ ಒಯ್ಯದೆ ತನ್ನ ಬಳಿ ತನ್ನಿ ಎಂಬ ಅಭಿಪ್ರಾಯವನ್ನು ರಯರ್ಡನ್ ಬಹಿರಂಗವಾಗಿ ಬರೆದ.

ಎರಡೂ ಕಡೆ ಬದಲಾದದ್ದು ಮೈಬಣ್ಣವೇ. ಮೊದಲನೆಯದರಲ್ಲಿ ಅದು ಕಥೆಯ ಆಶಯದ ಅಂಗವಾಗಿತ್ತು. ಎರಡನೆಯದರಲ್ಲಿ ಹೊರಗಿನ ವಿವರವಾಗಿತ್ತು, ಹಾಗೆಂದು ಸ್ವತಃ ಕರ್ತೃವೇ ಹೇಳಿದ. ಆದರೆ ಇದಕ್ಕಿಂತ ಮುಖ್ಯವಾದ ಇನ್ನೊಂದು ವ್ಯತ್ಯಾಸವಿದೆ. ಲೆ ಗ್ವಿನ್‌ಳ ಮಾತು ಕಠಿಣವಾಗಿತ್ತು, ಆದರೆ ಅದು ನಿರ್ಮಾಪಕರ ನಿರ್ಧಾರವನ್ನು ಕುರಿತದ್ದಾಗಿತ್ತು, ಕಾರಣಸಹಿತವಾಗಿತ್ತು, ತನ್ನ ಹೆಸರಿನಲ್ಲೇ ಇತ್ತು. ಬಾಲನಟಿಯ ಮೇಲೆ ಬಿದ್ದ ಮಾತು ನಿರ್ಧಾರ ಮಾಡಿದವರನ್ನು ಬಿಟ್ಟು, ಉತ್ತರಿಸಲಾರದ ಒಂದು ಜೀವವನ್ನು ಅದರ ಹುಟ್ಟಿಗಾಗಿ ಹಳಿಯಿತು. ಒಂದು ವಿಮರ್ಶೆ, ಇನ್ನೊಂದು ವಾಚಿಕ ಹಿಂಸೆ. ಆಕ್ಷೇಪ ಒಂದು ವೇಳೆ ನ್ಯಾಯವೇ ಆಗಿದ್ದರೂ ಎರಡನೆಯದು ಹಿಂಸೆಯಾಗಿಯೇ ಉಳಿಯುತ್ತದೆ; ಏಕೆಂದರೆ ವಾದದ ಸತ್ಯವು ಮಾತಿನ ಕ್ರೌರ್ಯವನ್ನು ತೊಳೆಯಲಾರದು.

ಸಾವಿರ ಜನರ ನಡುವೆ ತಾನು ಆಡಿದ ಒಂದು ಬಿರುನುಡಿಯಿಂದ ಏನಾದೀತು ಎಂದು ಪ್ರತಿಯೊಬ್ಬನೂ ಸಮಾಧಾನ ಮಾಡಿಕೊಳ್ಳಬಹುದು. ಆದರೆ ಕೇಳುವವಳಿಗೆ ಸಾವಿರವೂ ಒಟ್ಟಿಗೆ ಕೇಳಿಸುತ್ತವೆ. ಗುಂಪಿನಲ್ಲಿ ಆಡಿದ ಮಾತಿನ ಪಾಪ ಹಂಚಿಹೋಗಿ ಹಗುರಾಗುವುದೆಂಬ ಎಣಿಕೆ ತಪ್ಪು; ಹಂಚಿಹೋಗುವುದು ಆಡಿದವನ ಅಳುಕು ಮಾತ್ರ. ಹಣ ಕೊಟ್ಟು ನೋಡುವವನಿಗೆ ಟೀಕಿಸುವ ಹಕ್ಕಿದೆ, ನೋಡದೆ ಬಿಡುವ ಹಕ್ಕೂ ಇದೆ. ಆದರೆ ಆ ಹಣ ಕೃತಿಯ ಒಂದು ನೋಟವನ್ನು ಕೊಂಡಿತೇ ಹೊರತು, ಅದಕ್ಕಾಗಿ ದುಡಿದವರ ಮಾನವನ್ನು ಕೊಂಡಿಲ್ಲ.

‘ದಿ ವೀಲ್ ಆಫ್ ಟೈಮ್’ ಧಾರಾವಾಹಿ ಮೂರು ಋತುಗಳ ಬಳಿಕ, 2025ರ ಮೇ ತಿಂಗಳಲ್ಲಿ, ಕಥೆ ಮುಗಿಯುವ ಮೊದಲೇ ರದ್ದಾಯಿತು. ಅದನ್ನು ಉಳಿಸಿಕೊಡಿರೆಂದು ಅಭಿಮಾನಿಗಳು ಮನವಿ ಮಾಡಿಕೊಂಡರು. ಆದರೆ ಕಿರುತೆರೆಯ ಕಥೆ ನಿಂತರೂ ಹದಿನಾಲ್ಕು ಸಂಪುಟಗಳು ಕಪಾಟಿನಲ್ಲಿ ಹಾಗೆಯೇ ಇವೆ. ಅವುಗಳ ಒಂದಕ್ಷರವೂ ಕೆಟ್ಟಿಲ್ಲ. ಕೆಟ್ಟ ರೂಪಾಂತರ ಮೂಲವನ್ನು ಹಾಳುಮಾಡಲಾರದು. ಒಳ್ಳೆಯದು ಅದಕ್ಕೆ ಹೊಸ ಓದುಗರನ್ನು ತರಬಲ್ಲದು. ಇದನ್ನು ನೆನೆದರೆ ಕೋಪದ ಬಹುಭಾಗ ತಾನಾಗಿ ಶಮನವಾಗುತ್ತದೆ.

ಇಂತಹ ಧಾರಾವಾಹಿಗಳು ಇಂದು ಇಲ್ಲಿಯ ಮನೆಗಳಲ್ಲೂ ತರುಣರ ನೋಟಕ್ಕೆ ದೊರೆಯುತ್ತವೆ. ಅವುಗಳ ಕುರಿತ ಮಾತು ಊಟದ ಹೊತ್ತಿಗೂ ಬರುತ್ತದೆ. ಹಿರಿಯರು ಅದನ್ನು ಕ್ಷುಲ್ಲಕವೆಂದು ತಳ್ಳಿದರೆ ಒಂದು ಒಳ್ಳೆಯ ಅವಕಾಶ ಕೈತಪ್ಪುತ್ತದೆ. ಆ ಪಾತ್ರ ಹಾಗೇಕೆ ಮಾಡಿತು, ಬದಲಾಯಿಸಿದವರ ಉದ್ದೇಶವೇನಿದ್ದೀತು ಎಂದು ಕೇಳಿದರೆ ಮಗು ವಿಚಾರ ಮಾಡಲು ಕಲಿಯುತ್ತದೆ. ಅಸಮಾಧಾನವನ್ನು ಬರೆದು ತಿಳಿಸಲು ಹೊರಟ ಮಗನಿಗೋ ಮಗಳಿಗೋ ಇನ್ನೊಂದು ಪ್ರಶ್ನೆಯನ್ನೂ ಕೇಳಬಹುದು: ಈ ಮಾತು ತಲುಪುವುದು ಯಾರನ್ನು, ಅವರು ಎದುರಿಗೆ ಕುಳಿತಿದ್ದರೆ ಇದನ್ನೇ ಆಡಲಾದೀತೇ? ಆಡಬಹುದೆಂದಾದರೆ ಎಷ್ಟೇ ಖಾರವಾಗಿದ್ದರೂ ಆಡಲಿ. ಆಗದೆಂದಾದರೆ, ಬರೆದುದನ್ನು ಕಳುಹಿಸುವ ಮೊದಲು ಅಳಿಸುವುದಕ್ಕೆ ಸಮಯವಿನ್ನೂ ಇರುತ್ತದೆ.